ಮಲೆನಾಡಿನ ಮದ್ದು: ಬರುವ ದಾರಿ, ಹೋಗುವ ದಾರಿ

ಕನ್ನಡದ 'ಮದ್ದು' ಎಂಬ ಶಬ್ದವು ಬಲು ವಿಚಿತ್ರವಾದುದು. ರೋಗಿಗೆ ಕೊಡುವ ಔಷಧವೂ ಮದ್ದೇ. ಕೋವಿಗೆ ತುಂಬುವ ಪುಡಿಯೂ ಮದ್ದೇ. ಆಗದವರು ಅನ್ನದಲ್ಲಿ ಬೆರೆಸಿ ಹಾಕುವರೆಂದು ಹಳ್ಳಿಗರು ಅಂಜುತ್ತಿದ್ದ ವಿಷವೂ ಮದ್ದೇ. ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಾದರೋ ಗಿಡಗಳಿಗೆ ಕೀಟನಾಶಕ ಸಿಂಪಡಿಸುವುದನ್ನೂ 'ಔಷಧಿ ಹೊಡೆಯುವುದು' ಎಂದೇ ಕರೆಯುತ್ತಾರೆ. ಇದನ್ನು ಕಂಡು ನಮ್ಮ ಪೂರ್ವಿಕರಿಗೆ ಪದಗಳ ಬಡತನವಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಕಾಯುವ ವಸ್ತುವೇ ಕೊಲ್ಲಲೂ ಬಲ್ಲುದು, ಅಳತೆಯೂ ಸ್ಥಳವೂ ತಪ್ಪಿದರೆ ಹಿತವೇ ಅಹಿತವಾಗುವುದೆಂಬ ಅರಿವು ಆ ಒಂದು ಮಾತಿನಲ್ಲಿ ಅಡಗಿದೆ.

ವಾಚಕ ಮಹಾಶಯರೇ, ಔಷಧದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಸೀಸೆಯಿಂದ ಬಾಯಿಯವರೆಗಿನ ಗೇಣುದ್ದದ ದಾರಿಯನ್ನಷ್ಟೇ ನೋಡುತ್ತೇವೆ. ಸೀಸೆಗೆ ಬರುವ ಮುನ್ನ ಅದು ಯಾವ ಕಾಡಿನ ತೊಗಟೆಯಾಗಿತ್ತು, ಯಾವ ಗಿಡದ ಬೇರಾಗಿತ್ತು, ಯಾವ ಕಾರ್ಖಾನೆಯ ಕೊಪ್ಪರಿಗೆಯಲ್ಲಿ ಬೆಂದಿತು ಎಂಬುದನ್ನಾಗಲಿ, ನಮ್ಮ ದೇಹವನ್ನು ದಾಟಿದ ಮೇಲೆ ಅದು ಯಾವ ಹಳ್ಳವನ್ನು ಸೇರುವುದೆಂಬುದನ್ನಾಗಲಿ ಕೇಳುವವರು ವಿರಳ. ಈ ಎರಡು ದಾರಿಗಳ ಇತಿಹಾಸವನ್ನು ಮಲೆನಾಡಿನ ಒಂದು ಮೂಲೆಯನ್ನೇ ನಿದರ್ಶನವಾಗಿಟ್ಟುಕೊಂಡು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೂಡಿಗೆರೆಯ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ, ಜಾವಳಿಯ ಬಳಿ ಹೇಮಾವತಿ ಹುಟ್ಟುತ್ತಾಳೆ. ಸಕಲೇಶಪುರವನ್ನು ಹಾದು, ಗೊರೂರಿನ ಜಲಾಶಯದಲ್ಲಿ ತಂಗಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸವನ್ನು ಬಳಸಿ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠದ ಸನ್ನಿಧಿಯನ್ನು ಮುಟ್ಟಿ, ಲಕ್ಕವಳ್ಳಿಯ ಅಣೆಕಟ್ಟಿನತ್ತ ಸಾಗುತ್ತಾಳೆ. ಘಟ್ಟದ ಪಡುವಣ ಮೋರೆಯಲ್ಲಿ ಬಿದ್ದ ಮಳೆ ನೇತ್ರಾವತಿಯಾಗಿ ಕಡಲಿಗಿಳಿಯುತ್ತದೆ. ಇಲ್ಲಿಯ ಹಳ್ಳದಲ್ಲಿ ಕದಡಿದುದು ಹಾಸನದ, ಮಂಡ್ಯದ, ಶಿವಮೊಗ್ಗದ, ಮಂಗಳೂರಿನ ಕೊಡದಲ್ಲಿ ತಿಳಿಯಾಗಬೇಕು. ನದಿಗಳ ನೆತ್ತಿಯ ಮೇಲೆ ವಾಸಿಸುವವರ ಹೊಣೆ ಬಯಲಿನವರ ಹೊಣೆಗಿಂತ ಹೆಚ್ಚಿನದೆಂದು ಬೇರೆ ಹೇಳಬೇಕಾಗಿಲ್ಲ.

ಇಂದು ತಂಪು ಹವೆಗಾಗಿ ಪ್ರವಾಸಿಗರು ಹಾತೊರೆದು ಬರುವ ಈ ಮಲೆಗಳು ನೂರು ವರ್ಷಗಳ ಹಿಂದೆ ಬಯಲುಸೀಮೆಯವರಿಗೆ ಭೀತಿಯ ನೆಲೆಯಾಗಿದ್ದುವು. ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ವೃದ್ಧರು ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ಚಳಿಜ್ವರವು ಇಲ್ಲಿಯ ಮನೆಮನೆಯ ಅತಿಥಿಯಾಗಿತ್ತು. ಪದೇ ಪದೇ ಜ್ವರ ಬಂದ ಮಕ್ಕಳ ಹೊಟ್ಟೆಯ ಎಡಬದಿಯಲ್ಲಿ ಗುಲ್ಮವು ಊದಿ ಗಟ್ಟಿಯಾಗುತ್ತಿತ್ತು. ಅದಕ್ಕೆ ಜನರಿಟ್ಟ ಹೆಸರು ಜ್ವರಗೆಡ್ಡೆ. ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದನ್ನು ಕಂಡು ಮೈಸೂರು ಸರ್ಕಾರವು ಚಿಂತೆಗೊಳಗಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨–೧೯೧೮ರ ಅವಧಿಯಲ್ಲಿ ಮಲೆನಾಡಿನ ಸುಧಾರಣೆಗಾಗಿ ಪ್ರತ್ಯೇಕ ಯೋಜನೆಯೇ ಹೊರಟಿತೆಂದರೆ ಆ ಪಿಡುಗಿನ ತೀವ್ರತೆಯನ್ನು ಊಹಿಸಬಹುದು.

ಆ ಕಾಲದ ಹಳ್ಳಿಗರು ಕೈಕಟ್ಟಿ ಕುಳಿತಿರಲಿಲ್ಲ. ಅಮೃತಬಳ್ಳಿ, ನೆಲಬೇವು, ಹಾಲೆಮರದ ತೊಗಟೆ ಮುಂತಾದುವುಗಳ ಕಷಾಯ ಬಳಕೆಯಲ್ಲಿತ್ತು. ಇವುಗಳಲ್ಲಿ ಹಾಲೆಯ ವಿಚಾರ ಸ್ವಾರಸ್ಯವಾದುದು. ಘಟ್ಟದ ಕೆಳಗಿನ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮುನ್ನ ಹಾಲೆಮರದ ತೊಗಟೆಯನ್ನು ತಂದು ಕಷಾಯ ಮಾಡಿ ಕುಡಿಯುವ ವಾಡಿಕೆ ಇಂದಿಗೂ ಇದೆ. ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕೇ ಹೊರತು ಕಬ್ಬಿಣ ತಾಗಿಸಬಾರದೆಂಬುದು ನಿಯಮ. ಕಾಫಿ ತೋಟಗಳಲ್ಲಿ ದುಡಿಯಲು ಘಟ್ಟವೇರಿ ಬಂದ ತುಳುವರು ತಮ್ಮೊಡನೆ ಈ ವಾಡಿಕೆಯನ್ನೂ ಹೊತ್ತು ತಂದರು. ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆಯನ್ನು ತಂದು ಪ್ರಾಣಕ್ಕೆ ಎರವಾದೀತೆಂದು ಹಿರಿಯರು ಎಚ್ಚರಿಸುವುದೂ ಉಂಟು. ಕಬ್ಬಿಣದ ನಿಷೇಧಕ್ಕೆ ಜನರು ಕೊಡುವ ಕಾರಣ ಏನಾದರೂ ಇರಲಿ, ಅದರ ಫಲವನ್ನು ಮರದ ದೃಷ್ಟಿಯಿಂದ ನೋಡೋಣ: ವರ್ಷಕ್ಕೊಂದು ಮುಂಜಾನೆ, ಒಂದು ಕಲ್ಲು, ಒಂದು ಮನೆಗೆ ಸಾಲುವಷ್ಟು ತೊಗಟೆ. ಮರ ಸಾಯುವುದಿಲ್ಲ, ಮರುವರ್ಷಕ್ಕೂ ಉಳಿದಿರುತ್ತದೆ.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ವಾದಿಸುವ ಪಂಗಡಕ್ಕೆ ಸೇರಿದವನು ನಾನಲ್ಲ. ಕಷಾಯಗಳು ಮಲೆಜ್ವರವನ್ನು ಗೆಲ್ಲಲಿಲ್ಲ. ಗೆದ್ದಿದ್ದರೆ ಮಲೆನಾಡಿನ ಮನೆಗಳು ಹಾಳು ಬೀಳುತ್ತಿರಲಿಲ್ಲ. ಜ್ವರದ ಬೇರಿಗೆ ಕೈಹಾಕಿದ ಮೊದಲ ಮದ್ದು ಕ್ವಿನೈನ್; ಅದೂ ಒಂದು ಮರದ ತೊಗಟೆಯೇ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಿಂಕೋನಾ ಮರದ ತೊಗಟೆಯು ೧೭ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು. ಅಲ್ಲಿ ಮರವನ್ನು ಬುಡಸಹಿತ ಕಡಿದುರುಳಿಸಿ ತೊಗಟೆ ಸುಲಿಯುವುದೇ ರೂಢಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಸೀಮೆಯನ್ನು ಸುತ್ತಿದ ವಿಜ್ಞಾನಿ ಹಂಬೋಲ್ಟನಂತಹವರು ಮರಗಳು ನಿರ್ನಾಮವಾಗುವುದನ್ನು ಕಂಡು ಮರುಗಿದರು. ೧೮೨೦ರಲ್ಲಿ ಪೆಲ್ಲೆತಿಯೆ ಮತ್ತು ಕವಾಂತು ಎಂಬ ಇಬ್ಬರು ಫ್ರೆಂಚ್ ರಸಾಯನಜ್ಞರು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲಂತೂ ಬೇಡಿಕೆಗೆ ಮಿತಿಯೇ ಇಲ್ಲವಾಯಿತು. ಕಾಡನ್ನು ಬರಿದು ಮಾಡಿ ಮದ್ದು ಪಡೆಯುವುದು ಬಹುಕಾಲ ನಡೆಯದೆಂದರಿತ ಆಂಗ್ಲರೂ ಡಚ್ಚರೂ ಬೀಜಗಳನ್ನು ತಂದು ತೋಟ ಹಾಕಿದರು. ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮನು ತಂದ ಸಸಿಗಳೂ ಬೀಜಗಳೂ ೧೮೬೦–೬೧ರಲ್ಲಿ ನೀಲಗಿರಿಯ ಉದಕಮಂಡಲದಲ್ಲಿ ಬೇರೂರಿದುವು. ಮೈಸೂರು ಸೀಮೆಯ ಬೆಟ್ಟಗಳಲ್ಲಿಯೂ ಪ್ರಯೋಗಕ್ಕಾಗಿ ನೆಡಲಾಯಿತು. ಕೊನೆಗೆ ಗೆದ್ದುದು ಡಚ್ಚರ ಜಾವಾ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಜಪಾನೀಯರು ಜಾವಾವನ್ನು ಆಕ್ರಮಿಸಿದಾಗ ಇಡೀ ಲೋಕಕ್ಕೆ ಕ್ವಿನೈನಿನ ಬರ ಬಂದಿತು. ಒಂದು ಮದ್ದಿಗಾಗಿ ಒಂದೇ ಮರವನ್ನೂ ಒಂದೇ ದ್ವೀಪವನ್ನೂ ನಂಬಿದರೆ ಆಗುವ ಫಲವಿದು.

ಈ ನಡುವೆ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಮಲೇರಿಯಾವನ್ನು ಹೊರುವುದು ಸೊಳ್ಳೆಯೆಂದು ತೋರಿಸಿಕೊಟ್ಟರು. ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಾಗ ಮಲೆನಾಡಿನ ಕೇಂದ್ರವಾಗಿ ಆರಿಸಿಕೊಂಡುದು ಮೂಡಿಗೆರೆಯನ್ನೇ. ಬಯಲಿನ ನಾಲೆ-ಗುಂಡಿಗಳ ಸೊಳ್ಳೆ ಬೇರೆ, ಮಲೆಯ ಸೊಳ್ಳೆ ಬೇರೆ ಎಂಬುದು ಅಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇಲ್ಲಿಯ ವೈರಿಯು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಮೆಲ್ಲನೆ ಹರಿಯುವ ತಿಳಿನೀರಿನ ಅಂಚಿನಲ್ಲಿ, ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಡುವಂಥದು. ಅಂದರೆ ಯಾವ ತಿಳಿ ಹಳ್ಳಗಳನ್ನು ನಾವು ಮಲೆನಾಡಿನ ಸೊಬಗೆಂದು ಹೊಗಳುತ್ತೇವೆಯೋ ಅವುಗಳ ಅಂಚೇ ಜ್ವರದ ತೊಟ್ಟಿಲಾಗಿದ್ದಿತು.

ಆಮೇಲೆ ಬಂದುದು ಡಿ.ಡಿ.ಟಿ. ೧೯೩೯ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದು ೧೯೪೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಕನ್ನಡ ನಾಡಿನಲ್ಲಿ ಅದು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ೧೯೪೬ರ ಸುಮಾರಿಗೆ, ಡಾ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗವಾಯಿತು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ೧೯೫೮ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. ಪಂಪು ಹೊತ್ತ ಸಿಬ್ಬಂದಿ ಮನೆಮನೆಗೆ ಬಂದು ಅಡಿಗೆಮನೆ, ದನದ ಕೊಟ್ಟಿಗೆಗಳ ಗೋಡೆಗಳಿಗೆಲ್ಲ ಬಿಳಿಯ ನೀರು ಸಿಂಪಡಿಸಿದುದನ್ನು ಕಂಡವರು ನಮ್ಮ ವಾಚಕರಲ್ಲಿಯೂ ಇರಬಹುದು.

ಫಲವೋ ಅದ್ಭುತ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗುಲಿ ಎಂಟು ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. ೧೯೬೫ರ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿದಿತ್ತು. ಇಂದು ಮೂಡಿಗೆರೆಯಲ್ಲಿ ಶಾಲೆ, ಕಾಲೇಜು, ತೋಟ, ಪೇಟೆ ಎಂದು ಏನೇನು ಕಾಣುತ್ತದೆಯೋ ಅದರಲ್ಲಿ ಬಹುಪಾಲು ಈ ಜ್ವರ ಹಿಂಜರಿದ ಮೇಲೆ ಬೆಳೆದುದು. ಡಿ.ಡಿ.ಟಿ.ಯನ್ನು ಇಂದು ಹಳಿಯುವವರು ಜ್ವರಗೆಡ್ಡೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯನ್ನು ನೆನೆಯದೆ ಹಳಿಯುವುದು ಅನ್ಯಾಯ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೋಡೆಗೆ ಚದರ ಮೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಸಿಂಪಡಿಸಬೇಕಾದ ವಸ್ತುವು ಹೊಲಗದ್ದೆಗಳಿಗೂ ಹರಿಯಿತು. ಕಾಫಿಯ ಕಾಂಡಕೊರಕ ಹುಳುವಿಗೆ ಅದೇ ಜಾತಿಯ ಬಿ.ಎಚ್.ಸಿ.ಯನ್ನು ದಶಕಗಳ ಕಾಲ ಕಾಂಡಕ್ಕೆ ಬಳಿದರು. ಇವು ಬೇಗನೆ ಕರಗುವ ವಸ್ತುಗಳಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೀನಿನ, ಹಕ್ಕಿಯ, ತಾಯಿಹಾಲಿನ ಕೊಬ್ಬಿನಲ್ಲಿ ಸೇರಿಕೊಳ್ಳುವಂಥವು. ಇತ್ತ ನಾಡಿನ ಬಯಲುಗಳಲ್ಲಿ ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡುವು, ೧೯೭೬ರಲ್ಲಿ ದೇಶದ ಮಲೇರಿಯಾ ರೋಗಿಗಳ ಸಂಖ್ಯೆ ಮತ್ತೆ ೬೪ ಲಕ್ಷವನ್ನು ಮುಟ್ಟಿತು. ಕೃಷಿಯಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ಭಾರತವು ೧೯೮೯ರಲ್ಲಿ ನಿಷೇಧಿಸಿತು. ಅಳತೆಯಲ್ಲಿ ಬಳಸಿದಾಗ ಜೀವ ಕಾಯ್ದುದು, ಅಳತೆಯಿಲ್ಲದೆ ಬಳಸಿದಾಗ ತನ್ನ ಶಕ್ತಿಯನ್ನೂ ಕಳೆದುಕೊಂಡು ನೆಲವನ್ನೂ ಕೆಡಿಸಿತು. ಮುಂದೆ ಹೇಳಲಿರುವ ಗುಳಿಗೆಗಳ ಕಥೆಯೂ ಇದರ ನೆರಳೇ ಆದುದರಿಂದ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಜ್ವರ ತೊಲಗಿದ ಮೇಲೆ ಮಲೆನಾಡಿನ ಕಾಡು ಬೇರೊಂದು ಕಾರಣಕ್ಕೆ ಲೋಕದ ಕಣ್ಣಿಗೆ ಬಿದ್ದಿತು. ಇದುವರೆಗೆ ಹೊರಗಿನಿಂದ ಮದ್ದು ತರಿಸಿಕೊಳ್ಳುತ್ತಿದ್ದ ಮಲೆಯು ಈಗ ಹೊರಗಿನವರಿಗೆ ಮದ್ದು ಕಳುಹಿಸುವ ಕಣಜವಾಯಿತು. ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ನಿದ್ರಾನಾಶಕ್ಕೂ ನಮ್ಮ ವೈದ್ಯರು ಹಿಂದಿನಿಂದಲೂ ಕೊಡುತ್ತಿದ್ದರು. ೧೯೪೯ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಅದು ರಕ್ತದೊತ್ತಡವನ್ನು ಇಳಿಸುವುದೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸಾರವನ್ನು ತೆಗೆದರು. ಪಶ್ಚಿಮ ದೇಶಗಳ ಔಷಧಾಲಯಗಳೆಲ್ಲ ನಮ್ಮ ಕಾಡಿನ ಬೇರಿಗೆ ಮುಗಿಬಿದ್ದುವು. ಎಲೆಯ ಮದ್ದಾದರೆ ಗಿಡ ಚಿಗುರೀತು. ಬೇರಿನ ಮದ್ದಿಗೆ ಗಿಡದ ಪ್ರಾಣವೇ ಬೆಲೆ. ಬೇರು ಬಲಿಯಲು ಒಂದೂವರೆಯಿಂದ ಮೂರು ವರ್ಷ ಬೇಕು. ಕೀಳುವವನಿಗೆ ಅರೆಗಳಿಗೆ ಸಾಕು. ೧೯೯೦ರಲ್ಲಿ ಸರ್ಪಗಂಧಿಯನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಬೇಕಾಯಿತು.

ಸೀತಾಶೋಕದ ಪಾಡೂ ಇದೇ. ಹೆಣ್ಣುಮಕ್ಕಳ ಬಾಧೆಗಳಿಗೆ ಕೊಡುವ ಅಶೋಕಾರಿಷ್ಟವು ಯಾವ ಮನೆಗೆ ಅಪರಿಚಿತ? ಅದಕ್ಕೆ ಬೇಕಾದುದು ಆ ಮರದ ತೊಗಟೆ. ಕಾಡಿನಲ್ಲಿ ಸೀತಾಶೋಕ ವಿರಳವಾದಂತೆ ಅಂಗಡಿಯ ಚೀಲಗಳಲ್ಲಿ ರಸ್ತೆಬದಿಯ ಕಂಬದಶೋಕದ ತೊಗಟೆ ಬೆರೆಯತೊಡಗಿತು. ಮರ ಉಳಿಯಲಿಲ್ಲ, ರೋಗಿಗೆ ಮದ್ದೂ ಸಿಗಲಿಲ್ಲ. ಇನ್ನು ಮರದರಿಶಿನದ ಬಳ್ಳಿ: ಇದರ ಕಾಂಡವನ್ನು ಸೀಳಿದರೆ ಅರಿಶಿನದ ಬಣ್ಣ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ; ಹೂ ಬಿಡಲು ಹತ್ತಾರು ವರ್ಷ ಬೇಕು. ಗಂಡನ್ನು ಕಡಿದರೆ ಸುತ್ತಲಿನ ಹೆಣ್ಣು ಬಳ್ಳಿಗಳು ಕಾಯಿ ಕಟ್ಟದೆ ಬಂಜೆಯಾಗಿ ನಿಲ್ಲುತ್ತವೆ. ಕಡಿಯುವವನಿಗೆ ಈ ಭೇದ ತಿಳಿಯದು. ತಿಳಿದರೂ ದಿನಗೂಲಿಯ ಚಿಂತೆಯಲ್ಲಿರುವವನಿಂದ ಅದನ್ನು ಅಪೇಕ್ಷಿಸುವುದು ಸರಿಯಲ್ಲ.

ಎಲ್ಲಕ್ಕಿಂತ ಮನಕಲಕುವ ಕಥೆ ದುರ್ವಾಸನೆಯ ಮರದ್ದು. ಘಟ್ಟದ ಕಾಡಿನಲ್ಲಿ ಯಾರೂ ಲೆಕ್ಕಕ್ಕಿಡದ ಸಣ್ಣ ಮರವಿದು. ಹೂವಿನ ಕೆಟ್ಟ ವಾಸನೆಯಿಂದ ಈ ಹೆಸರು. ಚೀನಾ ದೇಶದ ಒಂದು ಮರದಿಂದ ೧೯೬೬ರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತುವನ್ನು ಅಮೆರಿಕದ ವಿಜ್ಞಾನಿಗಳಾದ ವಾಲ್ ಮತ್ತು ವಾನಿ ಬೇರ್ಪಡಿಸಿದ್ದರು. ೧೯೭೨ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ರಸಾಯನಜ್ಞರು ಅದೇ ವಸ್ತು ನಮ್ಮ ದುರ್ವಾಸನೆಯ ಮರದಲ್ಲಿ ಹೇರಳವಾಗಿದೆಯೆಂದು ತೋರಿಸಿದರು. ಅದರಿಂದ ರೂಪಿಸಿದ ಎರಡು ಕ್ಯಾನ್ಸರ್ ಔಷಧಗಳಿಗೆ ೧೯೯೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪಶ್ಚಿಮ ಘಟ್ಟದಲ್ಲಿ ಮರಗಳು ಉರುಳತೊಡಗಿದುವು. ಇಲ್ಲಿ ಧರ್ಮಸಂಕಟವಿದೆ, ವಾಚಕರೇ. ದೂರದ ಆಸ್ಪತ್ರೆಯಲ್ಲಿ ಒಬ್ಬ ತಾಯಿಯ ಆಯುಷ್ಯವನ್ನು ಹಿಗ್ಗಿಸುವ ಮದ್ದಿಗಾಗಿ ಮರ ಕಡಿಯಬೇಡಿರೆಂದು ಯಾರು ಹೇಳಬಲ್ಲರು? ಆದರೆ ಈ ಪೀಳಿಗೆಯ ತಾಯಿಗಾಗಿ ಮರದ ಸಂತತಿಯನ್ನೇ ಮುಗಿಸಿದರೆ ಮುಂದಿನ ಪೀಳಿಗೆಯ ತಾಯಿಗೆ ಏನು ಕೊಡುವುದು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಯಾವ ಮರದಲ್ಲಿ, ಮರದ ಯಾವ ಭಾಗದಲ್ಲಿ ಸಾರ ಹೆಚ್ಚೆಂದು ಹುಡುಕಿದುದು ಇದೇ ಸಂಕಟಕ್ಕೆ ಪರಿಹಾರ ಅರಸಿ.

೧೯೯೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಸಂಪ್ರದಾಯಗಳ ಪುನಶ್ಚೇತನ ಪ್ರತಿಷ್ಠಾನವು ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳೊಡಗೂಡಿ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಕರ್ನಾಟಕದಲ್ಲಿ ಆರಿಸಿದ ಹದಿಮೂರರಲ್ಲಿ ಚಾರ್ಮಾಡಿ, ಕುದುರೆಮುಖ, ಕೆಮ್ಮಣ್ಣುಗುಂಡಿಗಳೂ ಸೇರಿವೆ; ಅಂದರೆ ನಾಲ್ಕನೆಯ ಒಂದು ಪಾಲಿಗೆ ಸಮೀಪದಷ್ಟು ನಮ್ಮ ಈ ಬೆಟ್ಟಸಾಲಿನಲ್ಲಿಯೇ ಇವೆ. ಅಲ್ಲಿ ಗಿಡಗಳನ್ನು ಕೀಳದೆ, ಅವು ಹುಟ್ಟಿದ ನೆಲದಲ್ಲಿಯೇ ಬೀಜವಾಗಲು ಬಿಡುವುದು ಉದ್ದೇಶ. ಒಳ್ಳೆಯ ಕಾರ್ಯವೇ ಸರಿ. ಆದರೆ ೨೦೦೮ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ವರ್ಷಕ್ಕೆ ನೂರು ಟನ್ನಿಗೂ ಮಿಗಿಲಾಗಿ ಮಾರಾಟವಾಗುವ ೧೭೮ ಜಾತಿಯ ಔಷಧೀಯ ಸಸ್ಯಗಳಲ್ಲಿ ಬಹುಪಾಲು ಬರುತ್ತಿದ್ದುದು ಕಾಡಿನಿಂದಲೇ. ಇಷ್ಟು ದೊಡ್ಡ ಹಸಿವಿಗೆ ಬೇಲಿಯೊಂದೇ ಉತ್ತರವಾಗಲಾರದು. ಕಾಫಿಗೆ ನೆರಳು ಬೇಕೇ ಬೇಕು. ಆ ನೆರಳಿಗೆ ಆಸ್ಟ್ರೇಲಿಯದ ಸಿಲ್ವರ್ ಓಕನ್ನು ಸಾಲುಸಾಲಾಗಿ ನೆಡುವ ತೋಟದೊಡೆಯರು ತೋಡಿನ ಬದಿಯ ತಂಪಿನಲ್ಲಿ ನಾಲ್ಕು ಸೀತಾಶೋಕಗಳನ್ನು ನೆಟ್ಟರೆ ಫಸಲಿಗೇನೂ ಕೊರತೆಯಾಗದೆಂಬುದು ನನ್ನ ಅಭಿಪ್ರಾಯ.

ಇದುವರೆಗೆ ಹೇಳಿದುದು ಮದ್ದು ಬರುವ ದಾರಿ. ಇನ್ನು ಹೋಗುವ ದಾರಿ.

ಇಂದು ಮೂಡಿಗೆರೆಯ ಪೇಟೆಯಲ್ಲಿ ಕಷಾಯದ ಕಾಲ ಹಿಂದಾಗಿದೆ. ಔಷಧಿ ಅಂಗಡಿಯ ಗುಳಿಗೆಯೇ ಎಲ್ಲಕ್ಕೂ ಮೊದಲು. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ ಮಾಯವಾಯಿತೆಂದು ನಾವು ಭಾವಿಸುತ್ತೇವೆ. ಹಾಗಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ದೇಹದಲ್ಲಿ ರೂಪಾಂತರ ಹೊಂದದೆ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಕೆಮ್ಮು, ಗಂಟಲುನೋವುಗಳಿಗೆ ಬರೆದುಕೊಡುವ ಅಮಾಕ್ಸಿಸಿಲಿನ್ನಿನಲ್ಲಿ ಅರ್ಧಕ್ಕೂ ಮಿಗಿಲಾದ ಭಾಗ ಹಾಗೆಯೇ ಹೋಗುತ್ತದೆ. ಇದನ್ನು ಓದಿ ಬೇಕಾದ ಮದ್ದನ್ನು ಯಾರೂ ನಿಲ್ಲಿಸಕೂಡದು. ಸಕ್ಕರೆ ಕಾಯಿಲೆಯವರು ಗುಳಿಗೆ ಬಿಟ್ಟರೆ ನದಿಗೆ ಲಾಭಕ್ಕಿಂತ ಅವರಿಗೆ ಹಾನಿಯೇ ಹೆಚ್ಚು. ನೆಗಡಿಗೂ ಮೈಕೈನೋವಿಗೂ ಬೇಡದ ಪ್ರತಿಜೀವಕವನ್ನು ಕೇಳಿ ಪಡೆಯುವವರ ವಿಚಾರ ಬೇರೆ.

ಮದ್ದು ನೀರಿಗೆ ಸೇರಿದರೆ ಏನಾದೀತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹೈದರಾಬಾದಿನಿಂದ ಬಸವಕಲ್ಯಾಣದ ಯಾತ್ರೆಗೆ ಬರುವ ಭಕ್ತರು ಹೆದ್ದಾರಿಯಲ್ಲಿ ಪಟಾನ್‌ಚೆರು ಎಂಬ ಕೈಗಾರಿಕಾ ಪಟ್ಟಣವನ್ನು ಹಾದೇ ಬರುತ್ತಾರೆ. ಸುಮಾರು ತೊಂಬತ್ತು ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿಗೊಳಿಸಲು ಅಲ್ಲಿದ್ದ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ ೨೦೦೭ರಲ್ಲಿ ವರದಿ ಪ್ರಕಟಿಸಿದರು. 'ಶುದ್ಧವಾದ' ಆ ನೀರಿನ ಒಂದು ಲೀಟರಿನಲ್ಲಿ ೩೧ ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದಿತು. ಆ ಔಷಧವನ್ನು ಸೇವಿಸುತ್ತಿರುವ ರೋಗಿಯ ರಕ್ತದಲ್ಲಿಯೂ ಅಷ್ಟು ಸಾಂದ್ರತೆ ಇರುವುದಿಲ್ಲ. ಅಂತಹ ನೀರಿನಲ್ಲಿ ಬದುಕುವ ರೋಗಾಣುಗಳು, ಡಿ.ಡಿ.ಟಿ.ಗೆ ಒಗ್ಗಿದ ಸೊಳ್ಳೆಗಳಂತೆಯೇ, ಮದ್ದಿಗೆ ಒಗ್ಗಿಕೊಳ್ಳುತ್ತವೆ. ಬಳಿಕ ಆ ಮದ್ದು ಯಾವ ಊರಿನ ಯಾವ ರೋಗಿಗೂ ನಾಟದಾಗುತ್ತದೆ. ಕೇಂದ್ರ ಸರ್ಕಾರವು ೨೦೧೩ರಲ್ಲಿ ಹಲವು ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದುದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂದೂ ಪ್ರತ್ಯೇಕ ಪಟ್ಟಿ ಮಾಡಿತು. ೨೦೧೯ರಲ್ಲಿ ಕೋಳಿ ಮೊದಲಾದ ಸಾಕುಪ್ರಾಣಿಗಳಿಗೆ ಕೋಲಿಸ್ಟಿನ್ ಎಂಬ ಕೊನೆಯ ಆಸರೆಯ ಪ್ರತಿಜೀವಕವನ್ನು ಕೊಡುವುದನ್ನು ನಿಷೇಧಿಸಿತು. ಕಾನೂನು ಇಷ್ಟನ್ನು ಮಾಡಬಲ್ಲುದು. ಚೀಟಿಯಿಲ್ಲದೆ ಗುಳಿಗೆ ಕೇಳುವ ಕೈ ಮಾತ್ರ ನಮ್ಮದು.

ಪ್ರಾಣಿಗಳ ಮಾತು ಬಂದುದರಿಂದ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ದನಕರುಗಳ ಚಿಕಿತ್ಸೆಯಲ್ಲಿ ಕನ್ನಡಿಗರದು ಹಳೆಯ ಕೈ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ೧೨ನೆಯ ಶತಮಾನದ ಮೊದಲ ಭಾಗದಲ್ಲಿಯೇ ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನ ಕಾಯಕ ಚಿಕಿತ್ಸೆಯೇ ಆಗಿದ್ದಿತು. ಇಂತಹ ನಾಡಿನಲ್ಲಿ ಗೋವಿಗೆ ಕರುಣೆಯಿಂದ ಕೊಟ್ಟ ಮದ್ದೊಂದು ಆಗಸದ ಹಕ್ಕಿಯನ್ನು ಕೊಂದಿತು. ೧೯೯೦ರ ದಶಕದಲ್ಲಿ ಭಾರತದ ರಣಹದ್ದುಗಳು ಕಾರಣ ತಿಳಿಯದೆ ಸಾಯತೊಡಗಿದುವು. ೧೯೯೨ರಿಂದ ೨೦೦೭ರೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಹೆಚ್ಚು ಅಳಿದುವು. ನೋವು ಶಮನಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಇದಕ್ಕೆ ಕಾರಣವೆಂದು ೨೦೦೪ರಲ್ಲಿ ಖಚಿತವಾಯಿತು. ಸತ್ತ ದನದ ಮಾಂಸದಲ್ಲಿ ಉಳಿದಿದ್ದ ಅಲ್ಪ ಮದ್ದೇ ಹದ್ದಿನ ಮೂತ್ರಪಿಂಡವನ್ನು ಕೆಡಿಸಲು ಸಾಕಾಗಿತ್ತು. ೨೦೦೬ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕಳ್ಳದಾರಿಯಲ್ಲಿ ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ, ೨೦೧೫ರಲ್ಲಿ ಚುಚ್ಚುಮದ್ದಿನ ಸೀಸೆ ಮೂರು ಮಿಲಿಲೀಟರಿಗಿಂತ ದೊಡ್ಡದಾಗಿರಬಾರದೆಂದು ವಿಧಿಸಿದರು. ಅದೇ ಜಾತಿಯ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳಿಗೆ ೨೦೨೩ರಲ್ಲಿ ತಡೆ ಬಿದ್ದಿತು. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಂ ಎಂಬ ಮದ್ದು ಲಭ್ಯವಿದೆ. ದನ ಸಾಕುವ ವಾಚಕರು ಪಶುವೈದ್ಯರಲ್ಲಿ ಅದನ್ನೇ ಕೇಳಬಹುದು. ರಾಮನಗರದ ರಾಮದೇವರ ಬೆಟ್ಟದ ೩೪೬ ಹೆಕ್ಟೇರುಗಳನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಕರ್ನಾಟಕ ಸರ್ಕಾರ ಘೋಷಿಸಿತು. ಬಂಡೆಯ ಮೇಲೆ ಗೂಡು ಕಟ್ಟುವ ಉದ್ದಕೊಕ್ಕಿನ ಕೆಲವೇ ಹದ್ದುಗಳಿಗಾಗಿ ಮಾಡಿದ ಏರ್ಪಾಡು ಇದು.

ಕಾರ್ಖಾನೆ, ಕೊಟ್ಟಿಗೆಗಳನ್ನು ನೋಡಿದೆವು, ಉಳಿದುದು ಮನೆ. ತಮ್ಮ ಮನೆಯ ಗೂಡಿನಲ್ಲಿ, ಬೀರುವಿನ ಮೂಲೆಯಲ್ಲಿ ಅರ್ಧ ಬಳಸಿದ ಕೆಮ್ಮಿನ ಔಷಧಿಯ ಸೀಸೆ, ಅವಧಿ ತೀರಿದ ಗುಳಿಗೆಯ ಹಾಳೆಗಳು ಇಲ್ಲವೇ? ಒಮ್ಮೆ ಎದ್ದು ನೋಡಿ. ಪ್ರಸಾದನಿಲಯಗಳಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿಗಳಿಗೆ ನೆನಪಿದ್ದೀತು: ತಟ್ಟೆಯಲ್ಲಿ ಒಂದು ಅಗುಳು ಬಿಟ್ಟು ಏಳುವಂತಿರಲಿಲ್ಲ, ಬೇಕಾದಷ್ಟನ್ನೇ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡುದನ್ನು ಮುಗಿಸಬೇಕು. ಅನ್ನಕ್ಕೆ ಇದ್ದ ಈ ಕಟ್ಟಳೆ ಔಷಧಕ್ಕೆ ಏಕಿಲ್ಲ? ಹದಿನೈದು ದಿನಕ್ಕೆ ಸಾಕಾಗುವಲ್ಲಿ ಮೂರು ತಿಂಗಳಿಗೆ ಕೊಳ್ಳುವುದು, ಐದು ದಿನ ನುಂಗಬೇಕಾದ ಪ್ರತಿಜೀವಕವನ್ನು ಜ್ವರ ಇಳಿಯಿತೆಂದು ಎರಡೇ ದಿನಕ್ಕೆ ಬಿಟ್ಟು ಉಳಿದುದನ್ನು ನೆರೆಮನೆಯವರಿಗೆ ದಾನ ಮಾಡುವುದು ನಮ್ಮಲ್ಲಿ ಸಾಮಾನ್ಯ. ಭಕ್ತಿಯಿಂದ ನಡೆಸುವ ಉಚಿತ ಆರೋಗ್ಯ ಶಿಬಿರಗಳೂ ಇದಕ್ಕೆ ಹೊರತಲ್ಲವೆಂದು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಎಷ್ಟು ಮಂದಿಗೆ ಎಷ್ಟು ಗುಳಿಗೆ ಹಂಚಿದೆವೆಂಬುದನ್ನು ವರದಿಯಲ್ಲಿ ಬರೆಯುತ್ತೇವೆ. ಅವುಗಳಲ್ಲಿ ಎಷ್ಟು ಹೊಟ್ಟೆಗೆ ಹೋದುವು, ಎಷ್ಟು ಹಿತ್ತಿಲಿಗೆ ಹೋದುವು ಎಂಬ ಲೆಕ್ಕವನ್ನು ಇಡುವವರಿಲ್ಲ. ಶಿಬಿರದಲ್ಲಿ ಗುಳಿಗೆ ಕೊಡುವ ಮೇಜಿನ ಪಕ್ಕದಲ್ಲಿಯೇ, ಮನೆಯಲ್ಲಿ ಉಳಿದ ಹಳೆಯ ಗುಳಿಗೆಗಳನ್ನು ಹಿಂದಕ್ಕೆ ಪಡೆಯುವ ಇನ್ನೊಂದು ಮೇಜನ್ನು ಇಟ್ಟರೆ ಎಷ್ಟು ಚೆನ್ನ! ಸಂಗ್ರಹವಾದುದನ್ನು ಆಸ್ಪತ್ರೆಯ ತ್ಯಾಜ್ಯವನ್ನು ಸುಡುವ ಅಧಿಕೃತ ಘಟಕಕ್ಕೆ ಒಪ್ಪಿಸಬಹುದು.

ಹಿತ್ತಿಲಲ್ಲಿ ಸುಡುವುದು, ಬಚ್ಚಲಿಗೆ ಸುರಿಯುವುದು, ತೋಡಿಗೆ ಎಸೆಯುವುದು ಇವು ಮೂರೂ ತಪ್ಪು. ೨೦೧೬ರ ಘನತ್ಯಾಜ್ಯ ನಿಯಮಗಳೇ ಬಳಸದೆ ಉಳಿದ ಔಷಧವನ್ನು ಮನೆಯ ಅಪಾಯಕಾರಿ ಕಸವೆಂದು ಎಣಿಸಿ, ಬೇರೆಯಾಗಿ ಕೊಡಬೇಕೆಂದು ವಿಧಿಸಿದುವು. ೨೦೨೫ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಹೊರಡಿಸಿದ ಮಾರ್ಗದರ್ಶಿಯು, ಮಕ್ಕಳ ಕೈಗೆ ಸಿಕ್ಕರೆ ಒಂದೇ ಸಲಕ್ಕೆ ಪ್ರಾಣಾಪಾಯ ತರಬಲ್ಲ ತೀವ್ರ ನೋವುನಿವಾರಕಗಳೇ ಮೊದಲಾದ ೧೭ ಔಷಧಗಳನ್ನು ಮಾತ್ರ ಶೌಚದ ನೀರಿನಲ್ಲಿ ಬಿಡಬಹುದೆಂದಿತು. ಉಳಿದುವುಗಳನ್ನು ಹಿಂದಿರುಗಿಸುವ ಏರ್ಪಾಡು ಬೇಕೆಂದಿತು. ಏರ್ಪಾಡಿಲ್ಲದ ಊರಿನವರು ಏನು ಮಾಡಬೇಕು? ಅಮೆರಿಕದ ಔಷಧ ಇಲಾಖೆಯು ತನ್ನ ಜನರಿಗೆ ಹೇಳುವ ಉಪಾಯವು ಕಾಫಿ ಸೀಮೆಯವರಿಗೆ ನಗೆ ತಂದೀತು: ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ, ಸೋಸಿ ಉಳಿದ ಕಾಫಿಯ ಗಸಿಯಲ್ಲಿ ಕಲಸಿ, ಬಾಯಿ ಬಿಗಿದ ಚೀಲದಲ್ಲಿ ಹಾಕಿ ಕಸಕ್ಕೆ ಕೊಡಿ ಎಂದು. ಮಗುವಾಗಲಿ ನಾಯಿಯಾಗಲಿ ಅದನ್ನು ಬಾಯಿಗಿಡದೆಂಬುದು ಇದರ ತಾತ್ಪರ್ಯ. ನೀರನ್ನು ಪೂರ್ಣವಾಗಿ ಕಾಯುವ ಕ್ರಮ ಇದಲ್ಲ. ಹೇಮಾವತಿಗೆ ಎಸೆಯುವುದಕ್ಕಿಂತ ಮೇಲು, ಅಷ್ಟೇ.

ಸ್ವೀಡನ್ನಿನಲ್ಲಿ ೧೯೭೦ರ ದಶಕದಿಂದಲೂ ಔಷಧಿ ಅಂಗಡಿಗಳೇ ಉಳಿದ ಮದ್ದನ್ನು ಹಿಂದಕ್ಕೆ ಪಡೆಯುತ್ತಿವೆ. ಅಷ್ಟು ದೂರವೂ ಹೋಗಬೇಕಾಗಿಲ್ಲ. ಚಾರ್ಮಾಡಿಯನ್ನಿಳಿದು ಮಂಗಳೂರು, ಕಾಸರಗೋಡುಗಳನ್ನು ದಾಟಿದರೆ ಸಿಗುವ ಕೋಝಿಕೋಡಿನಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆಯು ೨೦೨೫ರಲ್ಲಿ ಇದೇ ಕಾರ್ಯವನ್ನು ಆರಂಭಿಸಿತು. ಮನೆಗಳಿಂದಲೂ ಅಂಗಡಿಗಳಿಂದಲೂ ಅವಧಿ ತೀರಿದ ಮದ್ದನ್ನು ಸಂಗ್ರಹಿಸಿ, ಅಧಿಕೃತ ಘಟಕಕ್ಕೆ ಸಾಗಿಸಿ ಸುಡಿಸುವ ಯೋಜನೆ ಅದು. ಮೊದಲು ಒಂದು ನಗರ, ಒಂದು ಗ್ರಾಮ ಪಂಚಾಯತಿಯನ್ನಷ್ಟೇ ಆರಿಸಿಕೊಂಡರು. ಮೂಡಿಗೆರೆಯಂತಹ ಊರಿನಲ್ಲಿ ಆರಂಭಿಸುವುದಾದರೆ ಒಂದು ಔಷಧಿ ಅಂಗಡಿ, ಬೀಗವಿರುವ ಒಂದು ಪೆಟ್ಟಿಗೆ, ತಿಂಗಳಿಗೊಮ್ಮೆ ಬರುವ ಒಂದು ಗಾಡಿ ಇವಿಷ್ಟೇ ಸಾಕು.